ಆ ನಲವತ್ತು ಸೆಕೆಂಡ್ ಯಾರದು?

ಹಳೇಸರ್ವರ್

ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಹದಿನೇಳು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಸೊನ್ನೆಯಿಂದ ಶುರು ಮಾಡಿ ನಾನೇ ಬರೆದ ಪ್ರಾಜೆಕ್ಟ್‌ಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ಮಿಕ್ಕಿದ್ದೆಲ್ಲ ಬೇರೆ ಯಾರೋ ಬರೆದು ಬಿಟ್ಟುಹೋದದ್ದು. ಅದನ್ನು ಓದಿದ್ದೇನೆ, ಬೈದಿದ್ದೇನೆ, ಆಮೇಲೆ ನಾನೂ ಅದಕ್ಕೇ ಒಂದು ತೇಪೆ ಹಾಕಿ ಮುಂದಿನವರಿಗೆ ದಾಟಿಸಿದ್ದೇನೆ.

ಕಳೆದ ತಿಂಗಳು ನಡೆದದ್ದು ಹೇಳುತ್ತೇನೆ. ನಮ್ಮಲ್ಲಿ ಪ್ರತಿ ರಾತ್ರಿ ಓಡುವ ಒಂದು ಸ್ಕ್ರಿಪ್ಟ್ ಇದೆ. ಬೇರೆ ತಂಡದ ಸರ್ವರ್ ಒಂದು ಫೈಲ್ ತಂದು ನಮ್ಮ ಫೋಲ್ಡರ್‌ಗೆ ಹಾಕುತ್ತದೆ. ನಮ್ಮದು ಅದನ್ನು ಓದಿ, ಕೂಡಿ ಕಳೆದು, ಬೆಳಿಗ್ಗೆ ಹೊತ್ತಿಗೆ ಒಂದು ವರದಿ ರೆಡಿ ಮಾಡುತ್ತದೆ. ಅಷ್ಟೇ ಕೆಲಸ. ಸ್ಕ್ರಿಪ್ಟಿನ ಮೊದಲಲ್ಲೇ ಒಂದು ಸಾಲು: ಸ್ಲೀಪ್ 40. ಅಂದರೆ ನಲವತ್ತು ಸೆಕೆಂಡ್ ಸುಮ್ನೆ ಕೂತಿರು. ಅದರ ಮೇಲೆ ಒಂದು ಕಾಮೆಂಟ್: 'ದಯವಿಟ್ಟು ತೆಗೆಯಬೇಡಿ'. ಯಾರು ಬರೆದದ್ದು, ಯಾಕೆ, ಯಾವಾಗ, ಒಂದೂ ಇಲ್ಲ.

ಹೊಸದಾಗಿ ಸೇರಿದ ಹುಡುಗ ಬಹಳ ಚುರುಕು. ಹಳೇ ಸ್ಕ್ರಿಪ್ಟ್‌ಗಳನ್ನು ಗುಡಿಸಿ ಒರೆಸುವ ಕೆಲಸ ಅವನಿಗೆ ಕೊಟ್ಟಿದ್ದೆವು. ಅವನು ಆ ಸಾಲು ತೆಗೆದ. ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವನು ನಾನೇ. ಮೂರು ವಾರ ಏನೂ ಆಗಲಿಲ್ಲ. ಸ್ಕ್ರಿಪ್ಟ್ ನಲವತ್ತು ಸೆಕೆಂಡ್ ಬೇಗ ಮುಗಿಯುತ್ತಿದೆ ಅಂತ ಖುಷಿಯೂ ಪಟ್ಟೆವು. ತಿಂಗಳ ಕೊನೆಯ ರಾತ್ರಿ ಬಂತು. ಆ ದಿನ ಫೈಲ್ ದೊಡ್ಡದಿರುತ್ತದೆ, ಕಾಪಿ ಆಗಲು ಜಾಸ್ತಿ ಹೊತ್ತು ಬೇಕು. ಅದು ಇನ್ನೂ ಬರುತ್ತಿರುವಾಗಲೇ ನಮ್ಮ ಸ್ಕ್ರಿಪ್ಟ್ ಎದ್ದು ಅರ್ಧ ಫೈಲ್ ಓದಿ ಮುಗಿಸಿತು. ಎರರ್ ಇಲ್ಲ, ಅಲಾರಂ ಇಲ್ಲ. ಲಾಗ್‌ನಲ್ಲಿ ಎಂದಿನಂತೆ 'ಯಶಸ್ವಿ'. ವರದಿಯ ಮೊತ್ತ ಕಡಿಮೆ ಇದೆ ಅಂತ ನಾಲ್ಕು ದಿನ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಮೀಟಿಂಗ್. ಮೊದಲ ಪ್ರಶ್ನೆಯೇ 'ತೆಗೆದದ್ದು ಯಾರು?' ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಲ್ಲರೂ ಹುಡುಗನ ಕಡೆ ತಿರುಗಿದರು. 'ಹಾಕಿದ್ದು ಯಾರು, ಯಾಕೆ?' ಅಂತ ಒಬ್ಬರೂ ಕೇಳಲಿಲ್ಲ. ಯಾರೋ ಒಬ್ಬರು ಒಂದು ರಾತ್ರಿ ಎದ್ದು ಕೂತು, ಈ ತೊಂದರೆ ಕಂಡುಹಿಡಿದು, ಒಂದು ಸಾಲು ಹಾಕಿ ಹೋಗಿದ್ದಾರೆ. ಅದರಿಂದ ಎಷ್ಟೋ ವರ್ಷ ವರದಿ ಸರಿಯಾಗಿ ಬಂದಿದೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅದೇ ವಾರ, ಹೊಸ ಡ್ಯಾಶ್‌ಬೋರ್ಡ್ ಮಾಡಿದ ತಂಡಕ್ಕೆ ವೇದಿಕೆ ಮೇಲೆ ಕರೆದು ಚಪ್ಪಾಳೆ ಹೊಡೆದರು. ಆ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಬರುವುದು ಇದೇ ಸ್ಕ್ರಿಪ್ಟಿನಿಂದ ಅನ್ನುವುದು ಬೇರೆ ಮಾತು.

ನಮ್ಮ ಕಸುಬಿನಲ್ಲಿ ಹೊಸದು ಕಟ್ಟುವವರಿಗೆ ಮಾತ್ರ ಹೆಸರು. ಇರುವುದು ಬೀಳದ ಹಾಗೆ ನೋಡಿಕೊಳ್ಳುವವರ ಕೆಲಸ ಚೆನ್ನಾಗಿ ನಡೆದರೆ ಕಣ್ಣಿಗೇ ಕಾಣುವುದಿಲ್ಲ. ಇದು ಒಂದು ಆಫೀಸಿನ ಕಥೆಯೂ ಅಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ ಎಷ್ಟು ಗದ್ದಲ ಆಯಿತು ನೆನಪಿದೆಯಾ? ಇಂಟರ್ನೆಟ್ಟಿನ ಅರ್ಧ ಬೀಗಗಳು ಓಪನ್‌ಎಸ್‌ಎಸ್‌ಎಲ್ ಎಂಬ ಒಂದೇ ಲೈಬ್ರರಿಯ (ಎಲ್ಲರೂ ತಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಮೇಲೆ ನಿಂತಿದ್ದವು. ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಹೊತ್ತು ಅದಕ್ಕೇ ದುಡಿಯುತ್ತಿದ್ದವರು ಒಬ್ಬರು. ಬೀಗ ಒಡೆದ ಮೇಲೆ ದೊಡ್ಡ ಕಂಪನಿಗಳು ಹಣ ತಂದವು.

ನಿಮ್ಮ ಕೋಡ್‌ನಲ್ಲೂ ಇಂಥ ನಲವತ್ತು ಸೆಕೆಂಡ್ ಇದೆಯಾ? ಇದ್ದರೆ ಏನು ಮಾಡಿದಿರಿ?

ಸೊನ್ನೆಒಂದು

ಸರ್, ನೋವು ಅರ್ಥ ಆಗುತ್ತದೆ. ಆದರೆ ಆ ಅನಾಮಿಕರನ್ನು ಕಾವಲುಗಾರ ಅಂತ ಕೂರಿಸಿ ಆರತಿ ಎತ್ತುವುದು ನನಗೆ ಒಪ್ಪಿಗೆ ಇಲ್ಲ. ಸ್ಲೀಪ್ 40 ಪರಿಹಾರ ಅಲ್ಲ, ಕೈಸಾಲ. ಫೈಲ್ ಇನ್ನೂ ದೊಡ್ಡದಾಗಿದ್ದರೆ ನಲವತ್ತೂ ಸಾಲುತ್ತಿರಲಿಲ್ಲ. ಆಗ ಯಾರೋ ಅರವತ್ತು ಮಾಡುತ್ತಿದ್ದರು. ನೆಟ್‌ವರ್ಕ್ ನಿಧಾನ ಆದ ಒಂದು ದಿನ ಅರವತ್ತೂ ಕೈಕೊಡುತ್ತಿತ್ತು.

ಇದಕ್ಕೆ ದಾರಿ ಹಳೇದೇ. ಕಳಿಸುವವರು ಫೈಲನ್ನು ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆಯಬೇಕು. ಪೂರ್ತಿ ಆದ ಮೇಲೆ ನಿಜವಾದ ಹೆಸರಿಗೆ ಬದಲಿಸಬೇಕು. ಯುನಿಕ್ಸ್ ಥರದ ಆಪರೇಟಿಂಗ್ ಸಿಸ್ಟಂಗಳಲ್ಲಿ ಒಂದೇ ಫೈಲ್‌ಸಿಸ್ಟಂ ಒಳಗೆ ಹೆಸರು ಬದಲಿಸುವ ಕೆಲಸ ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಒಂದೋ ಫೈಲ್ ಕಾಣುವುದಿಲ್ಲ, ಇಲ್ಲವೇ ಪೂರ್ತಿ ಕಾಣುತ್ತದೆ. ಅರ್ಧ ಕಾಣುವ ಪ್ರಶ್ನೆಯೇ ಇಲ್ಲ. ಕಾಯುವುದೂ ಬೇಡ, ಊಹೆಯೂ ಬೇಡ.

ಇನ್ನೊಂದು. 'ತೆಗೆಯಬೇಡಿ' ಅಂತ ಬರೆಯಲು ಪುರುಸೊತ್ತಿದ್ದವರಿಗೆ 'ಫೈಲ್ ಕಾಪಿ ಮುಗಿಯಲಿ ಅಂತ' ಎನ್ನಲು ಪುರುಸೊತ್ತು ಇರಲಿಲ್ಲವೇ? ಕಾರಣ ಇಲ್ಲದ ಎಚ್ಚರಿಕೆ ಮುಂದಿನವರಿಗೆ ಒಗಟು. ನಿಮ್ಮ ಹುಡುಗ ಬಿದ್ದದ್ದು ಅವರು ತೋಡಿದ ಗುಂಡಿಗೆ.

ರಾತ್ರಿಪಾಳಿ

@ಸೊನ್ನೆಒಂದು, ನೀವು ಹೇಳಿದ್ದು ಪುಸ್ತಕದಲ್ಲಿ ಸರಿ. ನಾನು ಆಪರೇಷನ್ಸ್‌ನಲ್ಲಿ ಇರುವವನು. ಫೈಲ್ ಕಳಿಸುವುದು ಬೇರೆ ತಂಡ ಅಂತ ಮೇಲೆ ಬರೆದಿದ್ದಾರೆ, ನೋಡಿದಿರಾ? ಹೆಸರು ಬದಲಿಸಬೇಕಾದವರು ಅವರು. ಅವರ ಕಡೆ ಒಂದು ಸಾಲು ಬದಲಾಗಬೇಕಾದರೆ ಒಂದು ಟಿಕೆಟ್ (ಲಿಖಿತ ಕೋರಿಕೆ), ಎರಡು ಮೀಟಿಂಗ್, ಮೂರು ಜನರ ಒಪ್ಪಿಗೆ, ಮುಂದಿನ ರಿಲೀಸ್ ತನಕ ಕಾಯುವುದು. ನಮ್ಮ ಕಡೆ ಬದಲಿಸಬಹುದಾದದ್ದು ನಮ್ಮ ಸ್ಕ್ರಿಪ್ಟ್ ಮಾತ್ರ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಸ್ಲೀಪ್ ಹಾಕಿದವರನ್ನು ನಾನು ಬೈಯುವುದಿಲ್ಲ. ಬೈಯುವುದಾದರೆ ಮರುದಿನ ಬೆಳಿಗ್ಗೆ ಅದನ್ನು ಮರೆತ ಎಲ್ಲರನ್ನೂ ಬೈಯಬೇಕು.

ಹಾಗಂತ ಹಳೇದನ್ನು ಮುಟ್ಟಲೇ ಬಾರದು ಅಂತಲೂ ಅಲ್ಲ. ಮುಟ್ಟದೆ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನೈಟ್ ಕ್ಯಾಪಿಟಲ್ ಕಥೆ ಇದೆ. ಅಮೆರಿಕದ ಷೇರು ವ್ಯಾಪಾರದ ಕಂಪನಿ. ಅವರ ಕೋಡ್‌ನಲ್ಲಿ 2003ರಿಂದ ಯಾರೂ ಬಳಸದ ಒಂದು ಭಾಗ ಹಾಗೇ ಬಿದ್ದಿತ್ತು. 2012ರಲ್ಲಿ ಹೊಸ ಕೆಲಸಕ್ಕೆ ಆ ಭಾಗವನ್ನು ಚಾಲೂ ಮಾಡುವ ಹಳೇ ಫ್ಲ್ಯಾಗನ್ನೇ, ಅಂದರೆ ಸ್ವಿಚ್ಚನ್ನೇ, ಮತ್ತೆ ಬಳಸಿಕೊಂಡರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯಿತು, ಒಂದು ತಪ್ಪಿಹೋಯಿತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಎಂಟನೆಯದರಲ್ಲಿ ಒಂಬತ್ತು ವರ್ಷ ಮಲಗಿದ್ದ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ.

ನನ್ನಂಥವರ ಹೊಟ್ಟೆ ಉರಿಯುವ ಭಾಗ ಬೇರೆ. ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಂ ಆ ಹಳೇ ಭಾಗದ ಹೆಸರು ಹೇಳಿ 97 ಇಮೇಲ್ ಕಳಿಸಿತ್ತು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ದಿನಾ ಸಾವಿರ ಅಲರ್ಟ್ ಬರುವ ಇನ್‌ಬಾಕ್ಸ್‌ನಲ್ಲಿ 97 ಯಾವ ಲೆಕ್ಕ?

ತಮಾಷೆ ಅಂದರೆ, ಗಾಬರಿಯಲ್ಲಿ ಅವರು ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡ್ ವಾಪಸ್ ತೆಗೆದರು. ರೋಲ್‌ಬ್ಯಾಕ್ ಅಂದರೆ ನಮಗೆ ಹಳೇ ಗಂಡನ ಪಾದವೇ ಗತಿ ಅಲ್ವಾ. ಅವರ ಪಾಲಿಗೆ ಹಳೇ ಗಂಡನೇ ರಾಕ್ಷಸ. ಎಂಟರಲ್ಲೂ ಹಳೇ ಕೋಡ್ ಓಡಲು ಶುರುವಾಯಿತು.

ಹೊಸಕುಡಿ

ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳು. ಆ ಹುಡುಗನ ಜಾಗದಲ್ಲಿ ನನ್ನನ್ನೇ ನೋಡಿಕೊಂಡೆ. ಒಂದು ಪ್ರಶ್ನೆ: ಯಾವುದನ್ನು ತೆಗೆಯಬಹುದು, ಯಾವುದನ್ನು ತೆಗೆಯಬಾರದು ಅಂತ ನಮಗೆ ಗೊತ್ತಾಗುವುದು ಹೇಗೆ? ಪ್ರತಿಯೊಂದಕ್ಕೂ 'ಇದು ಯಾಕೆ?' ಅಂತ ಕೇಳಿದರೆ ಸೀನಿಯರ್‌ಗಳಿಗೆ ಸಿಟ್ಟು. ಕೇಳದೆ ತೆಗೆದರೆ ಮೀಟಿಂಗ್. ಕೇಳದೆ ಬಿಟ್ಟರೆ 'ಇನಿಶಿಯೇಟಿವ್ ಇಲ್ಲ' ಅಂತ ಅಪ್ರೈಸಲ್‌ನಲ್ಲಿ ಬರೆಯುತ್ತಾರೆ.

ಪರೀಕ್ಷಕಿ

@ಹೊಸಕುಡಿ, ಕೇಳಿ. ಸಿಟ್ಟು ಬಂದರೆ ಬರಲಿ. ಸಿಟ್ಟು ಬರುವುದು ಅವರಿಗೂ ಉತ್ತರ ಗೊತ್ತಿಲ್ಲದೆ ಇರುವಾಗಲೇ ಜಾಸ್ತಿ.

ಕೇಳುವ ಮುಂಚೆ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ) ಒಂದು ಸಲ ಹುಡುಕಿ. ಎಲ್ಲರೂ ಮೊದಲು ಹೋಗುವುದು 'ಬ್ಲೇಮ್' ಆದೇಶಕ್ಕೆ. ಅದು ಆ ಸಾಲನ್ನು ಕೊನೆಯ ಸಲ ಮುಟ್ಟಿದವರನ್ನು ತೋರಿಸುತ್ತದೆ. ಅಂದರೆ ಸಾಮಾನ್ಯವಾಗಿ ಸ್ಪೇಸ್ ಸರಿಮಾಡಿದ ಯಾರೋ ಪಾಪದವರನ್ನು. 'ಲಾಗ್' ಆದೇಶಕ್ಕೆ ಹೈಫನ್ ದೊಡ್ಡ ಎಸ್ ಅಂತ ಕೊಟ್ಟು ಆ ಪದವನ್ನೇ ಹುಡುಕಿದರೆ, ಅದು ಮೊದಲು ಯಾವಾಗ ಒಳಗೆ ಬಂತು ಅಂತ ಸಿಗುತ್ತದೆ. ಆ ದಿನದ ಕಮಿಟ್‌ನಲ್ಲಿ, ಅಂದರೆ ಒಟ್ಟಿಗೆ ದಾಖಲಾದ ಬದಲಾವಣೆಗಳಲ್ಲಿ, ಬೇರೆ ಏನೇನು ಬದಲಾಗಿದೆ ನೋಡಿ. ಬಹಳ ಸಲ ಕಾರಣ ಪಕ್ಕದ ಫೈಲ್‌ನಲ್ಲಿ ಕೂತಿರುತ್ತದೆ.

ಆದರೆ ಎದೆ ಒಡೆಯುವುದು ಎಲ್ಲಿ ಅಂದರೆ, ಹುಡುಕುತ್ತಾ ಹೋಗಿ ಕೊನೆಗೆ ಸಿಗುವುದು 'ಹೊಸ ರೆಪೊಸಿಟರಿಗೆ ವರ್ಗಾವಣೆ' ಎಂಬ ಒಂದೇ ಕಮಿಟ್. ಹತ್ತು ವರ್ಷದ ಇತಿಹಾಸ ಆ ಒಂದು ಸಾಲಿನಲ್ಲಿ ಸಮಾಧಿ. ಇಲ್ಲವೇ ಕಾಮೆಂಟ್‌ನಲ್ಲಿ ಒಂದು ಟಿಕೆಟ್ ನಂಬರ್ ಇರುತ್ತದೆ. ಆ ಟಿಕೆಟ್ ಇದ್ದ ಸಾಫ್ಟ್‌ವೇರ್‌ನ ಲೈಸೆನ್ಸ್ ಮುಗಿದು ವರ್ಷಗಳಾಗಿರುತ್ತವೆ.

ವೆಬ್ ಕಥೆಯೂ ಇದೇ ತಾನೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತ್ತು: 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗುತ್ತಲೇ ಇರಲಿಲ್ಲ. ಹಿಂದೆ ಯಾರಾದರೂ ಒಂದು ದೋಷ ಬಿಡಿಸಿದರೆ ಅದನ್ನು ಎಲ್ಲರೂ ಹುಡುಕಿ ಓದುವ ಜಾಗದಲ್ಲಿ ಬರೆಯುತ್ತಿದ್ದರು. ಈಗ ಅದೇ ಉತ್ತರ ಯಾವುದೋ ಚಾಟ್ ಗುಂಪಿನ ಒಳಗೆ ಇರುತ್ತದೆ. ಸರ್ಚ್ ಇಂಜಿನ್ ಅಲ್ಲಿಗೆ ಹೋಗುವುದಿಲ್ಲ. ಮೂರು ತಿಂಗಳ ಮೇಲೆ ಬರೆದವರಿಗೂ ಸಿಗುವುದಿಲ್ಲ. ಆಫೀಸಿನಲ್ಲಂತೂ ಅರ್ಧ ಜ್ಞಾನ ಇಬ್ಬರ ನಡುವಿನ ಖಾಸಗಿ ಮೆಸೇಜ್‌ನಲ್ಲೇ ಇರುವುದು.

ಕೀಲಿಮಣೆ

ಓಪನ್‌ಎಸ್‌ಎಸ್‌ಎಲ್ ಮಾತು ಬಂತಲ್ಲ, ಅದನ್ನು ಅಲ್ಲಿಗೇ ಬಿಡಬೇಡಿ. ಆ ಪಾಠ ಯಾರೂ ಕಲಿಯಲಿಲ್ಲ ಅನ್ನುವುದಕ್ಕೆ ಎಕ್ಸ್‌ಝಡ್ ಪ್ರಕರಣ ಸಾಕು. ಗೊತ್ತಿಲ್ಲದವರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಕ್ಸ್‌ಝಡ್ ಅನ್ನುವುದು ಫೈಲ್ ಕುಗ್ಗಿಸುವ ಒಂದು ಸಣ್ಣ ಸಾಧನ. ಹೆಚ್ಚುಕಮ್ಮಿ ಎಲ್ಲ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್, ಬಿಡುವಿನ ವೇಳೆಯಲ್ಲಿ, ಹೆಚ್ಚುಕಮ್ಮಿ ಒಬ್ಬರೇ. 'ಜಿಯಾ ತಾನ್' ಎಂಬ ಹೆಸರಿನ ಯಾರೋ ಬಂದು ನಿಧಾನವಾಗಿ ಒಳ್ಳೊಳ್ಳೆಯ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕೊಡಲು ಶುರು ಮಾಡಿದರು. 2022ರಲ್ಲಿ ಮೇಲಿಂಗ್ ಲಿಸ್ಟ್‌ಗೆ ಬೇರೆ ಕೆಲವು ಹೆಸರುಗಳು ಬಂದವು. 'ಕೆಲಸ ಇಷ್ಟು ನಿಧಾನ ಯಾಕೆ? ಹೊಸಬರಿಗೆ ಬಿಟ್ಟುಕೊಡಬಾರದೇ?' ಅಂತ ಒತ್ತಡ. ಕೊಲಿನ್ ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಅಂತ ಅಲ್ಲೇ ಬರೆದಿದ್ದರು. ಆದರೂ ಬಿಡಲಿಲ್ಲ. ಕೊನೆಗೆ ಹೊಸಬರಿಗೆ ಕೀಲಿಕೈ ಸಿಕ್ಕಿತು. 2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಕಳ್ಳಬಾಗಿಲು ಇತ್ತು. ಆ ಒತ್ತಡದ ಪತ್ರಗಳೂ ಸುಳ್ಳು ಖಾತೆಗಳಿಂದಲೇ ಬಂದಿರಬೇಕು ಅಂತ ಈಗ ಎಲ್ಲರ ಅನುಮಾನ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆಂಡ್ರೆಸ್ ಫ್ರೋಯಿಂಡ್ ಅಂತ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಒಬ್ಬರು ಬೇರೆ ಏನೋ ವೇಗ ಅಳೆಯುತ್ತಿದ್ದರು. ಎಸ್‌ಎಸ್‌ಎಚ್ ಲಾಗಿನ್ (ದೂರದ ಸರ್ವರ್‌ಗೆ ಸುರಕ್ಷಿತವಾಗಿ ಒಳಹೋಗುವ ದಾರಿ) ಸುಮಾರು ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನಿಸಿತು. ನಾವಾಗಿದ್ದರೆ ನೆಟ್‌ವರ್ಕ್ ಅಂತ ಹೇಳಿ ಮುಂದೆ ಹೋಗುತ್ತಿದ್ದೆವು. ಅವರು ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಜಗತ್ತಿಗೆ ಹೇಳಿದರು. ನಿಮ್ಮ ನಲವತ್ತು ಸೆಕೆಂಡ್ ಯಾರೂ ಕೇಳಲಿಲ್ಲ. ಅವರು ಅರ್ಧ ಸೆಕೆಂಡ್ ಯಾಕೆ ಅಂತ ಕೇಳಿದರು.

ನನಗೆ ಈ ಕಥೆಯಲ್ಲಿ ಕಳ್ಳನಿಗಿಂತ ಆ ಒತ್ತಡದ ಪತ್ರಗಳೇ ಜಾಸ್ತಿ ಕಾಡುತ್ತವೆ. ಯಾಕೆಂದರೆ ಅವು ಕೃತಕ ಅಂತ ಆಗ ಯಾರಿಗೂ ಅನ್ನಿಸಲಿಲ್ಲ. ಪುಕ್ಕಟೆ ಕೆಲಸ ಮಾಡುವವರನ್ನು ಗದರುವುದು ಅಷ್ಟು ಮಾಮೂಲಿ ಆಗಿಹೋಗಿದೆ. ಯಾವುದೇ ಜನಪ್ರಿಯ ಯೋಜನೆಯ ದೂರುಗಳ ಪುಟ ತೆರೆದು ನೋಡಿ. 'ಇದು ಇನ್ನೂ ಸರಿ ಆಗಿಲ್ಲ, ನಾಚಿಕೆ ಆಗಬೇಕು' ಅಂತ ಬರೆದಿರುತ್ತಾರೆ. ಬರೆದವರು ಒಂದು ಕಾಸು ಕೊಟ್ಟಿರುವುದಿಲ್ಲ.

ಬಾಲಂಗೋಚಿ

ಎಲ್ಲರೂ ಕಣ್ಣೀರು ಹಾಕುತ್ತಿದ್ದೀರಿ, ನಾನು ಸ್ವಲ್ಪ ಕೆಟ್ಟವನಾಗುತ್ತೇನೆ. ತಪ್ಪು ನಮ್ಮದೇ. ಕಂಡಕಂಡ ಲೈಬ್ರರಿಯನ್ನು ಎಳೆದು ತಂದು ಮನೆ ತುಂಬಿಸಿಕೊಳ್ಳುವುದು ಯಾಕೆ? 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅಂತ ಒಂದು ಪ್ಯಾಕೇಜನ್ನು ಅದರ ಲೇಖಕರು ಸಿಟ್ಟಿನಲ್ಲಿ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಭಂಡಾರದಿಂದ ತೆಗೆದರು. ಇನ್ನೊಂದು ಪ್ಯಾಕೇಜಿನ ಹೆಸರಿನ ಜಗಳ. ಬೇಬಲ್ ಎಂಬ ಜನಪ್ರಿಯ ಸಾಧನವೂ ಸೇರಿ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ನಿಂತುಹೋಯಿತು. ಲೆಫ್ಟ್‌ಪ್ಯಾಡ್‌ನಲ್ಲಿ ಇದ್ದದ್ದು ಎಷ್ಟು ಸಾಲು? 11. ಪದದ ಎಡಗಡೆ ಜಾಗ ತುಂಬಿಸುವ ಕೆಲಸ. ಹನ್ನೊಂದು ಸಾಲು ಬರೆಯಲು ಸೋಮಾರಿತನ ಪಟ್ಟವರು ಆ ಲೇಖಕರನ್ನು ಬೈದರು.

ಇನ್ನೊಂದು ತುದಿಯಲ್ಲಿ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ನೋಡಿ. 2000ದಿಂದ ಇದೆ. ಪ್ರತಿ ಫೋನಿನ ಒಳಗೂ ಇದೆ. ನೋಡಿಕೊಳ್ಳುವವರು ಬೆರಳೆಣಿಕೆಯ ಜನ. ಕೋಡ್ ಸಾರ್ವಜನಿಕರದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಹೊರಗಿನವರ ಪ್ಯಾಚ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಪ್ರೋಗ್ರಾಂಗಿಂತ ಅದರ ಟೆಸ್ಟ್ ಕೋಡ್ ನೂರಾರು ಪಟ್ಟು ದೊಡ್ಡದು. 2050ರ ತನಕ ನೋಡಿಕೊಳ್ಳುವ ಯೋಜನೆ ಇದೆ ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಬಾಗಿಲು ಮುಚ್ಚಿಕೊಂಡೇ ಚೆನ್ನಾಗಿ ನಡೆದಿದೆ ಅಲ್ವಾ?

ಕೀಲಿಮಣೆ

@ಬಾಲಂಗೋಚಿ, ಎಸ್‌ಕ್ಯುಲೈಟ್‌ಗೆ ಹಣ ಕೊಡುವ ಕಂಪನಿಗಳ ಒಕ್ಕೂಟ ಇದೆ. ಅದನ್ನು ಹೇಳದೆ ಬಿಟ್ಟಿರಿ. ಬಾಗಿಲು ಮುಚ್ಚಿದ್ದರಿಂದ ಅಲ್ಲ, ಒಳಗಿರುವವರಿಗೆ ಸಂಬಳ ಇರುವುದರಿಂದ ನಡೆದಿದೆ.

ಬಾಲಂಗೋಚಿ

ಎರಡೂ ಇರಬಹುದು. ಸಂಬಳ ಕೊಟ್ಟು ಬಾಗಿಲು ತೆರೆದಿಟ್ಟ ಯೋಜನೆಗಳೂ ಮಗುಚಿವೆ. ಆದರೆ ಆಯಿತು, ಆ ಮಾತು ನಿಮ್ಮದೇ ಸರಿ.

ಹೊಸಕುಡಿ

@ಹಳೇಸರ್ವರ್ ಸರ್, ತಪ್ಪು ತಿಳಿಯಬೇಡಿ. ಆ ಸಾಲು ತೆಗೆಯಬೇಕು ಅಂತ ಹುಡುಗನಿಗೆ ತಾನಾಗಿ ಹೊಳೆದದ್ದಾ, ಅಥವಾ ಎಐ ಹೇಳಿದ್ದಾ?

ಹಳೇಸರ್ವರ್

ಬರೆಯಬಾರದು ಅಂತ ಬಿಟ್ಟಿದ್ದೆ. ಹಿಡಿದುಬಿಟ್ಟಿರಿ.

ಎಐ ಹೇಳಿದ್ದು. ಅವನು ಸ್ಕ್ರಿಪ್ಟ್ ಕೊಟ್ಟು 'ಇದನ್ನು ಚೊಕ್ಕ ಮಾಡು' ಅಂದಿದ್ದ. 'ಈ ವಿಳಂಬಕ್ಕೆ ಕೋಡ್‌ನಲ್ಲಿ ಯಾವ ಅವಲಂಬನೆಯೂ ಕಾಣುವುದಿಲ್ಲ, ತೆಗೆದರೆ ವೇಗ ಹೆಚ್ಚುತ್ತದೆ' ಅಂತ ಉತ್ತರ ಬಂತು. ಸುಳ್ಳಲ್ಲ ನೋಡಿ. ಕೋಡ್‌ನಲ್ಲಿ ಕಾಣುವುದಿಲ್ಲ. ಕಾರಣ ಇದ್ದದ್ದು ಇನ್ನೊಂದು ಸರ್ವರ್‌ನಲ್ಲಿ, ಇನ್ನೊಂದು ತಂಡದ ತಲೆಯಲ್ಲಿ. ಅದನ್ನು ಎಐಗೆ ಯಾರೂ ಕೊಟ್ಟಿರಲಿಲ್ಲ, ಕೊಡಲು ನಮ್ಮ ಹತ್ತಿರವೂ ಇರಲಿಲ್ಲ.

ನನ್ನ ತಪ್ಪು ಏನು ಅಂದರೆ, ಆ ವಿವರಣೆ ಅಷ್ಟು ಚೆನ್ನಾಗಿ ಬರೆದಿತ್ತು, ಓದಿ ತಲೆ ಆಡಿಸಿದೆ. ಹುಡುಗನೇ ಹರಕು ಮುರುಕು ಭಾಷೆಯಲ್ಲಿ 'ಇದು ಯಾಕೋ ಬೇಡ ಅನ್ನಿಸುತ್ತದೆ' ಅಂತ ಬರೆದಿದ್ದರೆ ಖಂಡಿತ ನಿಲ್ಲಿಸಿ ಕೇಳುತ್ತಿದ್ದೆ.

ಕೀಲಿಮಣೆ

ಇದೇ ತೊಂದರೆ ಕರ್ಲ್ (ಇಂಟರ್ನೆಟ್ ಮೂಲಕ ಡೇಟಾ ತರುವ, ಕಳಿಸುವ ಸಾಧನ) ಯೋಜನೆಗೂ ಬಂದಿದೆ. ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಅದನ್ನು ನಡೆಸುತ್ತಿದ್ದಾರೆ. ಎಐ ಬರೆದ ಸುಳ್ಳು ಭದ್ರತಾ ವರದಿಗಳು ರಾಶಿ ರಾಶಿ ಬರುತ್ತಿವೆ ಅಂತ ಅವರು ಬಹಿರಂಗವಾಗಿಯೇ ದೂರಿದ್ದಾರೆ. ಹಿಂದೆ ಕೆಟ್ಟ ವರದಿ ಓದಿದ ಕೂಡಲೇ ಗೊತ್ತಾಗುತ್ತಿತ್ತು. ಈಗ ಪ್ರತಿಯೊಂದೂ ಪಂಡಿತರು ಬರೆದ ಹಾಗೆ ಇರುತ್ತದೆ. ಸುಳ್ಳು ಅಂತ ತೋರಿಸಲು ಅರ್ಧ ದಿನ ಬೇಕು. ಬರೆಯಲು ಅರ್ಧ ನಿಮಿಷ.

ಪರೀಕ್ಷಕಿ

ಎಐ, ಸ್ಲೀಪ್ ಎಲ್ಲ ಪಕ್ಕಕ್ಕಿಡಿ. ನನಗೆ ನಿದ್ದೆ ಕೆಡಿಸಿದ್ದು ಮೊದಲ ಬರಹದ ಒಂದು ಪದ: 'ಯಶಸ್ವಿ'. ಅರ್ಧ ಫೈಲ್ ಓದಿ ಯಶಸ್ವಿ ಅನ್ನುವ ಸ್ಕ್ರಿಪ್ಟ್‌ನಲ್ಲಿ ಸ್ಲೀಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇವತ್ತಲ್ಲ ನಾಳೆ ಬೀಳುವುದೇ.

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ದಣಿದಿದ್ದ ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಸರಿ, ಬ್ಯಾಕಪ್ ಇದೆಯಲ್ಲ ಅಂತ ಹೋದರೆ ಬ್ಯಾಕಪ್ ಖಾಲಿ. ಡೇಟಾಬೇಸ್ ಆವೃತ್ತಿ 9.6, ಬ್ಯಾಕಪ್ ಸಾಧನದ ಆವೃತ್ತಿ 9.2, ಎರಡಕ್ಕೂ ಹೊಂದಾಣಿಕೆ ಇಲ್ಲದೆ ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಇಮೇಲ್ ಬರಬೇಕಿತ್ತು. ಆ ಇಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಅವನ್ನೂ ಒದ್ದು ಕಳಿಸುತ್ತಿತ್ತು. ಯಾರೋ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಇತ್ತು, ಅದರಿಂದ ಬದುಕಿದರು. ಅದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ನೇರ ಪ್ರಸಾರ ಮಾಡಿದರು. ಆ ಒಂದು ಕಾರಣಕ್ಕೆ ಅವರ ಮೇಲೆ ನನಗೆ ಗೌರವ.

@ಹಳೇಸರ್ವರ್, ನಿಮ್ಮ ಫೈಲಿನ ಕೊನೆಯ ಸಾಲು ಏನು? ಹಳೇ ಕಾಲದ ಬ್ಯಾಚ್ ಫೈಲ್‌ಗಳಲ್ಲಿ ಕೊನೆಗೆ ಒಂದು ಟ್ರೈಲರ್ ಸಾಲು ಇರುತ್ತಿತ್ತು. ಒಟ್ಟು ಎಷ್ಟು ದಾಖಲೆ, ಒಟ್ಟು ಮೊತ್ತ ಎಷ್ಟು ಅಂತ. ಅದು ಸಿಗದಿದ್ದರೆ ಫೈಲ್ ಅರ್ಧ ಬಂದಿದೆ ಅಂತ ಅರ್ಥ. ನಿಮ್ಮದರಲ್ಲಿ ಇಲ್ಲದಿದ್ದರೆ ಆ ತಂಡವನ್ನು ಕೇಳಿ ಹಾಕಿಸಿ.

ರಾತ್ರಿಪಾಳಿ

ಕೇಳಿ ಹಾಕಿಸುವುದಂತೆ. ಟಿಕೆಟ್, ಎರಡು ಮೀಟಿಂಗ್, ಮೂರು ಒಪ್ಪಿಗೆ.

ಹಳೇಸರ್ವರ್

ನಾಲ್ಕು ದಿನ ಬಿಟ್ಟು ಬರುತ್ತಿದ್ದೇನೆ. ಹೇಳಲು ಸ್ವಲ್ಪ ಇದೆ.

@ಪರೀಕ್ಷಕಿ ಅವರ ಮಾತು ಕೇಳಿ ಫೈಲ್ ತೆರೆದು ನೋಡಿದೆ. ಟ್ರೈಲರ್ ಸಾಲು ಇದೆ! ಮೊದಲ ದಿನದಿಂದಲೂ ಇದೆ. ದಾಖಲೆಗಳ ಸಂಖ್ಯೆ, ಮೊತ್ತ ಎಲ್ಲ ಅಚ್ಚುಕಟ್ಟು. ನಮ್ಮ ಸ್ಕ್ರಿಪ್ಟ್‌ಗೆ ಅದು ಏನು ಅಂತ ಗೊತ್ತಿಲ್ಲ. ಬೇರೆ ಸಾಲುಗಳ ಹಾಗೆ ಇಲ್ಲವಲ್ಲ, 'ಸರಿಯಿಲ್ಲದ ಸಾಲು' ಅಂತ ಎಸೆದು ಮುಂದೆ ಹೋಗುತ್ತದೆ. ಪ್ರತಿ ರಾತ್ರಿ ಲಾಗ್‌ನಲ್ಲಿ '1 ಸಾಲು ಬಿಡಲಾಗಿದೆ, ಯಶಸ್ವಿ' ಅಂತ ಬರುತ್ತಿತ್ತು. ನಾವೆಲ್ಲ ಅದನ್ನು ನೋಡಿ ನೋಡಿ ಕುರುಡಾಗಿದ್ದೆವು.

ಈಗ ಆ ಕೆಟ್ಟ ರಾತ್ರಿಯ ಲಾಗ್. ಫೈಲ್ ಅರ್ಧಕ್ಕೆ ನಿಂತಿತ್ತು, ಟ್ರೈಲರ್ ಬಂದೇ ಇರಲಿಲ್ಲ. ಆದರೆ ಕೊನೆಗೆ ಓದಿದ ದಾಖಲೆ ನಡುವೆ ತುಂಡಾಗಿತ್ತು. ಅದೂ ಸರಿಯಿಲ್ಲದ ಸಾಲೇ ತಾನೇ? ಹಾಗಾಗಿ ಲಾಗ್‌ನಲ್ಲಿ ಏನು ಬಂತು ಊಹಿಸಿ. '1 ಸಾಲು ಬಿಡಲಾಗಿದೆ, ಯಶಸ್ವಿ'. ಒಳ್ಳೆಯ ರಾತ್ರಿಗೂ ಕೆಟ್ಟ ರಾತ್ರಿಗೂ ಒಂದಕ್ಷರ ವ್ಯತ್ಯಾಸ ಇಲ್ಲ. ಪರದೆ ಮುಂದೆ ಐದು ನಿಮಿಷ ಸುಮ್ನೆ ಕೂತಿದ್ದೆ.

ಎರಡನೆಯದು. ಆ ನಲವತ್ತು ಸೆಕೆಂಡ್ ಹಾಕಿದವರು ಸಿಕ್ಕಿದರು. ಕೆಲಸ ಬಿಟ್ಟು ಬಹಳ ವರ್ಷ ಆಗಿದೆ. ಹಳೇ ಸಹೋದ್ಯೋಗಿ ಒಬ್ಬರ ಮೂಲಕ ನಂಬರ್ ಹಿಡಿದು ಫೋನ್ ಮಾಡಿದೆ. 'ಅಯ್ಯೋ, ಅದು ಇನ್ನೂ ಇದೆಯಾ?' ಅಂತ ನಕ್ಕರು. ಮೊದಲು ಹತ್ತು ಸೆಕೆಂಡ್ ಇತ್ತಂತೆ. ಫೈಲ್ ಬೆಳೆದ ಹಾಗೆ ಇಪ್ಪತ್ತೈದು, ಆಮೇಲೆ ನಲವತ್ತು. @ಸೊನ್ನೆಒಂದು, ನೀವು ಹೇಳಿದ ಹೆಸರು ಬದಲಿಸುವ ಉಪಾಯವನ್ನೇ ಅವರೂ ಆ ತಂಡಕ್ಕೆ ಬರೆದು ಕೇಳಿದ್ದರು. 'ಮುಂದಿನ ರಿಲೀಸ್‌ನಲ್ಲಿ ಮಾಡೋಣ' ಅಂದರಂತೆ. ಕಾರಣ ಬರೆದಿಟ್ಟಿಲ್ಲ ಅಂತ ಬೈದಿರಲ್ಲ, ಅದನ್ನೂ ಕೇಳಿದೆ. ಒಂದು ಪೂರ್ತಿ ಪುಟ ಬರೆದಿದ್ದರಂತೆ, ಆಫೀಸಿನ ವಿಕಿಯಲ್ಲಿ. ಆ ವಿಕಿಯ ಸರ್ವರನ್ನು ನಾವು ಎಂದೋ ಮುಚ್ಚಿದ್ದೇವೆ. ಮುಚ್ಚಿದ ತಂಡದಲ್ಲಿ ನಾನೂ ಇದ್ದೆ.

ಸೊನ್ನೆಒಂದು

ಸರಿ ಸರ್. ಅವರಿಗೆ ನನ್ನ ಕಡೆಯಿಂದ ಒಂದು ಕ್ಷಮೆ ತಲುಪಿಸಿ. ಈಗ ಸ್ಕ್ರಿಪ್ಟ್ ಸರಿ ಮಾಡಿದಿರಾ?

ಹಳೇಸರ್ವರ್

ಹುಡುಗನೇ ಮಾಡಿದ. ಟ್ರೈಲರ್ ಸಾಲು ಓದಿ, ಸಂಖ್ಯೆ ತಾಳೆ ಆಗದಿದ್ದರೆ ನಿಲ್ಲಿಸಿ ಕೂಗುತ್ತದೆ. ಹತ್ತೇ ಸಾಲು. ಮೂರು ದಿನ ಹಳೇ ಫೈಲ್‌ಗಳ ಮೇಲೆ ಓಡಿಸಿ ನೋಡಿದ. ಬೇಕಂತಲೇ ಫೈಲನ್ನು ಬೇರೆ ಬೇರೆ ಕಡೆ ತುಂಡು ಮಾಡಿಯೂ ಕೊಟ್ಟ. ಸ್ಲೀಪ್ 40 ವಾಪಸ್ ಹಾಕಿದ್ದೇವೆ, ಎರಡು ತಿಂಗಳ ಕೊನೆ ದಾಟುವ ತನಕ ಇರಲಿ ಅಂತ. ಅದರ ಮೇಲೆ ಅವನು ಕಾರಣ, ದಿನಾಂಕ, ಯಾವಾಗ ತೆಗೆಯಬಹುದು ಎಲ್ಲ ಬರೆದಿದ್ದಾನೆ. ವಿಕಿ ಕೊಂಡಿ ಬೇಡ, ಸ್ಕ್ರಿಪ್ಟಿನ ಒಳಗೇ ಬರೆ ಅಂತ ಹೇಳಿದೆ.

ಪರೀಕ್ಷಕಿ

ಎರಡು ತಿಂಗಳ ಮೇಲೆ ಅದನ್ನು ತೆಗೆಯಲು ನೆನಪಿಸುವವರು ಯಾರು?

ಹಳೇಸರ್ವರ್

ಕ್ಯಾಲೆಂಡರ್‌ನಲ್ಲಿ ಹಾಕಿದ್ದೇನೆ.

ರಾತ್ರಿಪಾಳಿ

ಯಾರ ಕ್ಯಾಲೆಂಡರ್?

ಹಳೇಸರ್ವರ್

ನನ್ನದು. ಆಯಿತು ಆಯಿತು, ತಂಡದ್ದಕ್ಕೆ ಹಾಕುತ್ತೇನೆ.